ಕ್ಲಮ್ಸಿ ಅಂದರೆ ಚಳಿ

ನಮ್ಮ ಮನೆಯಲ್ಲಿ ಗಾಜಿನ ಲೋಟಗಳು ಅಟ್ಟದ ಮೇಲಿವೆ. ನೆಂಟರು ಬಂದಾಗ ಮಾತ್ರ ಕೆಳಗಿಳಿಯುತ್ತವೆ, ಅದೂ ಹೆಂಡತಿಯ ಕೈಯಿಂದ. ನನಗೆ ಸ್ಟೀಲ್ ಲೋಟ. ಮದುವೆಗೆ ಯಾರೋ ಕೊಟ್ಟ ಆರು ಕಪ್ಪು, ಆರು ಸಾಸರಿನ ಸೆಟ್ಟಿನಲ್ಲಿ ಈಗ ಉಳಿದಿರುವುದು ಒಂದು ಕಪ್ಪು, ಆರು ಸಾಸರು. ಸಾಸರಿನಲ್ಲಿ ಕಾಫಿ ಕುಡಿಯುವ ಅಭ್ಯಾಸ ನನಗಿಲ್ಲ. ಅದಕ್ಕೇ ಅವು ಬದುಕಿವೆ.

ಇದು ನಿನ್ನೆ ಮೊನ್ನೆಯ ಕಥೆಯಲ್ಲ. ಚಿಕ್ಕವನಿದ್ದಾಗಿನಿಂದ ನನ್ನ ಕೈಯಲ್ಲಿ ಏನೂ ನಿಲ್ಲುವುದಿಲ್ಲ. ಬಾಗಿಲ ಚಿಲಕಕ್ಕೆ ಅಂಗಿ ಸಿಕ್ಕಿಸಿಕೊಳ್ಳುತ್ತೇನೆ. ಹೊಸ್ತಿಲು ಎಲ್ಲಿದೆ ಅಂತ ನಲವತ್ತು ವರ್ಷದಿಂದ ಗೊತ್ತು, ಆದರೂ ಎಡವುತ್ತೇನೆ. ಬಡಿಸಲು ನಿಂತರೆ ಸಾರು ಎಲೆಗೆ ಬೀಳದೆ ಕೂತವರ ಪಂಚೆಗೆ ಬೀಳುತ್ತದೆ. ಹಾಗಾಗಿ ನಮ್ಮ ಕಡೆಯ ಮದುವೆ ಮುಂಜಿಗಳಲ್ಲಿ ನನಗೆ ಉಪ್ಪು ಬಡಿಸುವ ಕೆಲಸ ಮಾತ್ರ ಕೊಡುತ್ತಾರೆ. ಉಪ್ಪು ಚೆಲ್ಲಿದರೆ ಯಾರಿಗೂ ಸುಡುವುದಿಲ್ಲ.

ಮನೆಯಲ್ಲಿ ಬೈಗುಳಕ್ಕೇನೂ ಬರವಿರಲಿಲ್ಲ. "ಕೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದೀಯಾ?" ಅನ್ನುತ್ತಿದ್ದರು ಅಪ್ಪ. "ಎಡವಟ್ಟು" ಅನ್ನುತ್ತಿದ್ದಳು ಅಕ್ಕ. ಈ ಮಾತುಗಳೆಲ್ಲ ಕಿವಿಗೆ ಬಿದ್ದು, ಒಡೆದ ಚೂರುಗಳ ಜೊತೆಗೇ ಗುಡಿಸಿಕೊಂಡು ಹೋಗುತ್ತಿದ್ದವು. ಕಾಗದದ ಮೇಲೆ ಬಂದ ಮೊದಲ ಬೈಗುಳ ಇಂಗ್ಲಿಷಿನದು.

ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಆವತ್ತು ನಾನು ಒಂದು ಬೀಕರ್ ಒಡೆದಿದ್ದೆ. ಅದನ್ನು ಹಿಡಿಯಲು ಹೋಗಿ ಇನ್ನೊಂದನ್ನು ತಳ್ಳಿದ್ದೆ. ಮೇಷ್ಟ್ರು ಹೊಡೆಯಲಿಲ್ಲ, ಬೈಯಲೂ ಇಲ್ಲ. ರೆಕಾರ್ಡ್ ಪುಸ್ತಕ ತಿರುಗಿಸಿ, ಕೆಂಪು ಶಾಯಿಯಲ್ಲಿ ಒಂದೇ ಒಂದು ಪದ ಬರೆದು ಸಹಿ ಹಾಕಿದರು. ಕ್ಲಮ್ಸಿ. ಏಳನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವನಿಗೆ ಅದನ್ನು ಓದಲೂ ಬರಲಿಲ್ಲ. 'ಕ್ಲುಮ್ಸಿ' ಅಂತ ಅಕ್ಷರ ಕೂಡಿಸಿಕೊಂಡು ಮನೆಗೆ ಹೋದೆ. ಅಪ್ಪನ ಹಳೆಯ ನಿಘಂಟಿನಲ್ಲಿ 'ಒಡ್ಡೊಡ್ಡಾದ' ಅಂತ ಇತ್ತು. ಒಡ್ಡು ಅಂದರೆ ನನಗೆ ಗೊತ್ತಿದ್ದದ್ದು ಗದ್ದೆಗೆ ಹಾಕುವ ಮಣ್ಣಿನ ಕಟ್ಟೆ. ಬೀಕರ್ ಒಡೆದದ್ದಕ್ಕೂ ಗದ್ದೆಗೂ ಏನು ಸಂಬಂಧ ಅಂತ ಅರ್ಥವಾಗಲಿಲ್ಲ. ಆದರೆ ಸಹಿಯ ಪಕ್ಕದಲ್ಲಿ ಇದ್ದದ್ದರಿಂದ ಅದು ಬೀಕರಿನ ಬಗ್ಗೆ ಅಲ್ಲ, ನನ್ನ ಬಗ್ಗೆ ಅಂತ ಮಾತ್ರ ಗೊತ್ತಾಯಿತು.

ಆ ಪದದ ಹುಟ್ಟು ತಿಳಿದದ್ದು ತುಂಬಾ ವರ್ಷಗಳ ಮೇಲೆ. ಅದೂ ಸ್ಟಾಕ್‌ಹೋಮಿನಲ್ಲಿ, ಒಂದು ಬೀಗದ ಕೈಯಿಂದ.

ಕೆಲಸದ ಮೇಲೆ ಒಂದು ಚಳಿಗಾಲ ಅಲ್ಲಿದ್ದೆ. ಮಲೆನಾಡಿನವನು, ಚಳಿ ಅಂದರೆ ನನಗೆ ಗೊತ್ತು ಅಂದುಕೊಂಡಿದ್ದೆ. ಜಂಬ ಇಳಿಯಲು ಒಂದು ವಾರ ಸಾಕಾಯಿತು. ಒಂದು ಬೆಳಿಗ್ಗೆ ಆಫೀಸಿನ ಹೊರಗೆ ಸೈಕಲ್ ಬೀಗ ತೆಗೆಯಲು ಗವುಸು ಬಿಚ್ಚಿದೆ. ಬೀಗದ ಕೈ ಹಿಮದೊಳಗೆ ಬಿತ್ತು. ಹುಡುಕಿ ತೆಗೆದೆ, ಮತ್ತೆ ಬಿತ್ತು. ಮೂರನೇ ಸಲ ಬೆರಳುಗಳಿಗೆ ಅದು ಸಿಕ್ಕಿದೆಯೋ ಇಲ್ಲವೋ ಅನ್ನುವುದೇ ತಿಳಿಯಲಿಲ್ಲ. ಕಣ್ಣಿಂದ ನೋಡಿ, ಹಿಡಿದಿದ್ದೇನೆ ಅಂತ ಖಾತ್ರಿ ಮಾಡಿಕೊಳ್ಳಬೇಕಾಯಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ನಕ್ಕು ಒಂದು ಸ್ವೀಡಿಷ್ ಪದ ಹೇಳಿದ. ವಾಲ್‌ಹೆಂಟ್. ಅಂದರೆ ಕೈಕೆಲಸ ಸರಿಯಾಗಿ ಬಾರದವನು, ತಡಬಡ ಮಾಡುವವನು. ಕಾಫಿಗೆ ಕೂತಾಗ ಬಿಡಿಸಿ ಹೇಳಿದ. 'ವಾಲೆನ್' ಅಂದರೆ ಚಳಿಗೆ ಜಡವಾದದ್ದು. 'ಹೆಂಟ್' ಬಂದಿರುವುದು ಕೈ ಅನ್ನುವ ಪದದಿಂದ. ಚಳಿಗೆ ಮರಗಟ್ಟಿದ ಕೈಯವನು ಅಂತ ಅದರ ಮೂಲ ಅರ್ಥ. ಈಗ ಬೇಸಿಗೆಯಲ್ಲಿ ಲೋಟ ಬೀಳಿಸಿದರೂ ಅದೇ ಪದ. "ನಿಮ್ಮ ಇಂಗ್ಲಿಷಿನ ಕ್ಲಮ್ಸಿ ಕೂಡ ಹಾಗೇ ಅಲ್ವಾ?" ಅಂದ. 'ನಿಮ್ಮ ಇಂಗ್ಲಿಷಿನ' ಅಂದದ್ದಕ್ಕೆ ಒಂದು ಕ್ಷಣ ಹಿಗ್ಗಿದ್ದೂ ನಿಜ.

ಆ ರಾತ್ರಿ ಹುಡುಕಿ ನೋಡಿದೆ. ಅವನು ಹೇಳಿದ್ದು ಸರಿ.

ಕ್ಲಮ್ಸಿ ಅನ್ನುವ ಗುಣವಾಚಕ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವುದು 16ನೇ ಶತಮಾನದ ಕೊನೆಯಲ್ಲಿ. ಅದಕ್ಕೂ ಮೊದಲು ಕ್ಲಮ್ಸೆನ್ ಅಂತ ಒಂದು ಕ್ರಿಯಾಪದವಿತ್ತು. ಚಳಿಗೆ ಸೆಟೆದುಕೊಳ್ಳುವುದು, ಮರಗಟ್ಟುವುದು ಅಂತ ಅದರ ಅರ್ಥ. ಉತ್ತರದ ಸ್ಕ್ಯಾಂಡಿನೇವಿಯಾ ಕಡೆಯಿಂದ ಸಮುದ್ರ ದಾಟಿ ಬಂದ ಪದ. 14ನೇ ಶತಮಾನದ ಕವಿ ವಿಲಿಯಂ ಲ್ಯಾಂಗ್‌ಲ್ಯಾಂಡ್ ತನ್ನ ಪಿಯರ್ಸ್ ಪ್ಲೌಮನ್ ಕಾವ್ಯದಲ್ಲಿ ಇದನ್ನು ಬಳಸಿದ್ದಾನೆ. ಚಳಿಗೆ ಮರಗಟ್ಟಿದಾಗ, ಬಾಯಾರಿ ಒಣಗಿದಾಗ ಯಾವುದು ನಿನ್ನನ್ನು ಕಾಯುತ್ತದೆ ಅನ್ನುವ ಮಾತು ಬರುವ ಕಡೆ. ಅದು ಬಡವರ ಪಾಡಿನ ಕಾವ್ಯ. ಅಲ್ಲಿ ಈ ಪದ ಯಾರಿಗೂ ಬೈಗುಳವಲ್ಲ. ಚಳಿಯಲ್ಲಿ ಬೆಂಕಿ ಇಲ್ಲದವನ ಸ್ಥಿತಿ, ಅಷ್ಟೇ.

ಅದೇ ಶತಮಾನದಲ್ಲಿ ಇಂಗ್ಲಿಷಿಗೆ ಅನುವಾದವಾದ ವಿಕ್ಲಿಫ್ ಬೈಬಲ್ಲಿನಲ್ಲೂ ಈ ಪದ ಇದೆ. ಯೆರೆಮೀಯನ ಪುಸ್ತಕದಲ್ಲಿ ಶತ್ರುಗಳ ದಂಡು ಬರುತ್ತಿದೆ ಅನ್ನುವ ಸುದ್ದಿ ಕೇಳಿ ಜನರ ಕೈ ಜೋತುಬೀಳುವ ಜಾಗ. ಅಲ್ಲಿ ಚಳಿಯಿಲ್ಲ, ಭಯ ಇದೆ. ಕೆಟ್ಟ ಸುದ್ದಿ ಬಂದಾಗ ನಾವೂ "ಕೈಕಾಲೇ ಆಡಲಿಲ್ಲ" ಅನ್ನುತ್ತೇವಲ್ಲ, ಅದೇ.

ಮರಗಟ್ಟುವುದು ಅಂತ ಇಷ್ಟು ಹೊತ್ತು ಸರಾಗವಾಗಿ ಬರೆದುಕೊಂಡು ಬಂದೆ. ಸ್ಟಾಕ್‌ಹೋಮಿನ ಆ ರಾತ್ರಿ ಈ ಕನ್ನಡ ಪದ ನಾಲಿಗೆಗೆ ಬಂದಾಗ ಮಾತ್ರ ನಿದ್ದೆ ಹಾರಿಹೋಗಿತ್ತು. ಯಾಕೆಂದರೆ ಅದನ್ನು ನನಗೆ ಕಲಿಸಿದ್ದು ದೊಡ್ಡಮ್ಮ.

ನಮ್ಮದು ಸಾಗರದ ಕಡೆ. ಅಡಿಕೆ ತೋಟದ ಮನೆ. ನವೆಂಬರ್ ಬಂತೆಂದರೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರು. ಹಸಿ ಅಡಿಕೆಯನ್ನು ಜಾಸ್ತಿ ದಿನ ಇಡುವ ಹಾಗಿಲ್ಲ. ಸುಲಿಯಬೇಕು, ಚೊಗರು (ಮೊದಲು ಅಡಿಕೆ ಬೇಯಿಸಿ ಉಳಿದ ರಸ) ಹಾಕಿ ಬೇಯಿಸಬೇಕು, ಒಣಗಿಸಬೇಕು. ಹಾಗಾಗಿ ಮುಂದಿನ ಎರಡು ಮೂರು ತಿಂಗಳು ಮನೆಯ ಮುಂದಿನ ಅಂಗಳದಲ್ಲಿ ರಾತ್ರಿ ಹತ್ತು, ಹನ್ನೊಂದರವರೆಗೂ ಸುಲಿತ ನಡೆಯುತ್ತಿತ್ತು. ಬೆಳಗಿನ ಜಾವ ಮತ್ತೆ ಶುರು. ಊರಿನ ಹೆಂಗಸರೆಲ್ಲ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ಮೆಟ್ಟುಗತ್ತಿ ನೋಡದವರಿಗೆ ಹೇಳುವುದಾದರೆ, ಮರದ ಹಲಗೆಗೆ ಸಿಕ್ಕಿಸಿದ ನೆಟ್ಟನೆಯ ಕತ್ತಿ ಅದು. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಹಿಡಿಯಬೇಕು. ಕತ್ತಿ ಅಲ್ಲಾಡುವುದಿಲ್ಲ, ಅಡಿಕೆಯೇ ಕತ್ತಿಯ ಹತ್ತಿರ ಹೋಗಬೇಕು. ಒಂದು ಸಲ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಕೂಲಿ ಡಬ್ಬದ ಲೆಕ್ಕ. ಡಬ್ಬ ತುಂಬಿದಷ್ಟು ದುಡ್ಡು.

ದೊಡ್ಡಮ್ಮ ನಮ್ಮ ಊರಿಗೇ ಬೇಗ ಸುಲಿಯುವವಳು. ಕತ್ತಿಯ ಕಡೆ ನೋಡುತ್ತಲೇ ಇರಲಿಲ್ಲ. ಮಾತಾಡುತ್ತಿದ್ದಳು, ಮಕ್ಕಳನ್ನು ಗದರುತ್ತಿದ್ದಳು, ರಸ್ತೆಯಲ್ಲಿ ಹೋಗುವವರನ್ನು ಕರೆದು ಸುದ್ದಿ ಕೇಳುತ್ತಿದ್ದಳು. ಕೈ ಮಾತ್ರ ತನ್ನ ಪಾಡಿಗೆ ಟಕ್ ಟಕ್ ಅಂತ ಸುಲಿಯುತ್ತಿತ್ತು. ನಾನು ಪಕ್ಕದಲ್ಲಿ ಕೂತು ಇಪ್ಪತ್ತು ಅಡಿಕೆ ಸುಲಿಯುವಷ್ಟರಲ್ಲಿ ಹತ್ತು ಹೋಳು ಮಾಡಿರುತ್ತಿದ್ದೆ. ಉಳಿದ ಹತ್ತಕ್ಕೆ ಕತ್ತಿಯ ಗುರುತು ಇರುತ್ತಿತ್ತು. ಗಾಯವಾದ ಅಡಿಕೆಗೆ ಬೆಲೆ ಇಲ್ಲ. ಅಪ್ಪ ದೂರದಿಂದಲೇ, "ಆ ಎಡವಟ್ಟನ್ನ ಎಬ್ಬಿಸಿ ಅಲ್ಲಿಂದ" ಅನ್ನುತ್ತಿದ್ದರು.

ದೊಡ್ಡಮ್ಮ ಎಬ್ಬಿಸುತ್ತಿರಲಿಲ್ಲ. ನನ್ನ ಬೆರಳು ಹಿಡಿದು ನೋಡುತ್ತಿದ್ದಳು. "ಕೈ ಮರಗಟ್ಟಿದೆ ಕಣೋ. ಬಚ್ಚಲೊಲೆ ಹತ್ರ ಹೋಗಿ ಕಾಯಿಸಿಕೊಂಡು ಬಾ." ನಾನು ಹೋಗಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಮೊದಲು ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬೆರಳ ತುದಿಯಲ್ಲಿ ಜುಂ ಅನ್ನುತ್ತಿತ್ತು. ಆಮೇಲೆ ಉರಿ. ಉರಿ ಬಂದ ಮೇಲೆ ಬೆರಳು ಮತ್ತೆ ನನ್ನದಾಗುತ್ತಿತ್ತು. ವಾಪಸ್ ಬಂದು ಕೂತರೆ ಹೋಳಾಗುವುದು ಸ್ವಲ್ಪ ಕಡಿಮೆಯಾಗುತ್ತಿತ್ತು. ಸ್ವಲ್ಪ ಮಾತ್ರ, ಸುಳ್ಳು ಹೇಳಬಾರದು.

ಚಳಿ ಬೆರಳಿಗೆ ಏನು ಮಾಡುತ್ತದೆ ಅನ್ನುವುದು ನೋಡುವಂಥದ್ದು. ಬೆರಳನ್ನು ಮಡಚುವ, ಚಾಚುವ ಸ್ನಾಯುಗಳು ಬೆರಳಿನಲ್ಲಿ ಇಲ್ಲವೇ ಇಲ್ಲ. ಕೆಲವು ಅಂಗೈಯಲ್ಲಿವೆ, ಹೆಚ್ಚಿನವು ಮೊಳಕೈ ಕೆಳಗಿನ ತೋಳಿನಲ್ಲಿವೆ. ಅಲ್ಲಿಂದ ಹುರಿಯಂಥ ಸ್ನಾಯುರಜ್ಜುಗಳು ಬೆರಳಿನವರೆಗೆ ಬಂದಿವೆ, ಯಕ್ಷಗಾನದ ಗೊಂಬೆಯ ದಾರದ ಹಾಗೆ. ಮೈ ತಣ್ಣಗಾಗುತ್ತಿದೆ ಅನ್ನಿಸಿದ ಕೂಡಲೇ ದೇಹ ಮೊದಲು ಮಾಡುವ ಕೆಲಸ ಅಂದರೆ ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುವುದು. ಎದೆ, ಹೊಟ್ಟೆ, ತಲೆ ಬೆಚ್ಚಗಿರಲಿ, ಬೆರಳಿಗೆ ಆಮೇಲೆ ನೋಡೋಣ ಅನ್ನುವ ಲೆಕ್ಕ. ಬಡವರ ಮನೆಯಲ್ಲಿ ಕೊನೆಯವನಿಗೆ ಕಂಬಳಿ ಸಿಗುವುದಿಲ್ಲವಲ್ಲ, ಹಾಗೆ. ತಣ್ಣಗಾದ ನರದಲ್ಲಿ ಸಂದೇಶ ನಿಧಾನಕ್ಕೆ ಓಡುತ್ತದೆ. ಕೀಲುಗಳ ನಡುವಿನ ದ್ರವ ಗಟ್ಟಿಯಾಗುತ್ತದೆ. ಕೈ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಗುಂಡಿ ಹಾಕುವುದು, ಗಂಟು ಬಿಚ್ಚುವುದು ಮುಂತಾದ ನಯದ ಕೆಲಸಗಳು ಕೈಕೊಡುತ್ತವೆ. ಮುಷ್ಟಿ ಕಟ್ಟಬಹುದು, ಏಕೆಂದರೆ ತೋಳು ಇನ್ನೂ ಬೆಚ್ಚಗಿದೆ. ಆದರೆ ಮುಷ್ಟಿಯೊಳಗೆ ಏನಿದೆ ಅನ್ನುವುದು ತಿಳಿಯುವುದಿಲ್ಲ. ಬೀಗದ ಕೈ ಬೀಳುವುದು ಶಕ್ತಿ ಸಾಲದೆ ಅಲ್ಲ, ಸುದ್ದಿ ಮುಟ್ಟದೆ.

ಅಂದರೆ ಇಂಗ್ಲಿಷಿನವರ ಕ್ಲಮ್ಸಿ ಹುಟ್ಟಿದಾಗ ಅದು ಒಂದು ಹೊತ್ತಿನ ಪಾಡು. ಬೆಂಕಿಯ ಮುಂದೆ ಕೂತರೆ ಹೋಗುವಂಥದ್ದು. ಹಾಗಿದ್ದ ಪದ ಕೆಂಪು ಶಾಯಿಯಲ್ಲಿ ಒಬ್ಬ ಹುಡುಗನ ಗುಣವಾಗಿ ಬಿಡುವುದು ಹೇಗೆ?

ಈ ಬದಲಾವಣೆಯ ನಡುವೆ ಒಂದು ಒಳ್ಳೆಯ ಜಗಳ ಇದೆ. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1600ರ ಆಸುಪಾಸಿನ ಲಂಡನ್. ಜಾನ್ ಮಾರ್ಸ್ಟನ್ ಅಂತ ಒಬ್ಬ ಯುವ ನಾಟಕಕಾರ. ಹೊಸ ಪದ ಅಂದರೆ ಅವನಿಗೆ ಹುಚ್ಚು. ಲ್ಯಾಟಿನ್ನಿನಿಂದ ಎಳೆದು ತರುತ್ತಿದ್ದ, ಹಳ್ಳಿಯಿಂದ ಹೆಕ್ಕಿ ತರುತ್ತಿದ್ದ, ಏನೂ ಸಿಗದಿದ್ದರೆ ತಾನೇ ಕಟ್ಟುತ್ತಿದ್ದ. ತನ್ನ ಆಂಟೋನಿಯೋಸ್ ರಿವೆಂಜ್ ನಾಟಕದ ಶುರುವಿನಲ್ಲಿ ಅವನು ಚಳಿಗಾಲವನ್ನೇ ಕ್ಲಮ್ಸಿ ಅಂತ ಕರೆದ. ಬೇಸಿಗೆಯ ಹರಿವನ್ನು ತಡೆಯುವ, ಮರಗಟ್ಟಿದ ಭೂಮಿಯ ಕೆನ್ನೆ ಕೊರೆಯುವ ಚಳಿಗಾಲ. ಅಂದರೆ ಪದದೊಳಗೆ ಚಳಿ ಇನ್ನೂ ಜೀವಂತವಾಗಿತ್ತು. ಮೈ ಮರಗಟ್ಟಿಸುವ ಚಳಿಗಾಲವೂ ಹೌದು, ತಾನೇ ಒಡ್ಡೊಡ್ಡಾಗಿ ಕಾಲೆಳೆದುಕೊಂಡು ಬರುವ ಚಳಿಗಾಲವೂ ಹೌದು.

ಅದೇ ಕಾಲದ ಇನ್ನೊಬ್ಬ ನಾಟಕಕಾರ ಬೆನ್ ಜಾನ್ಸನ್‌ಗೆ ಇದನ್ನು ಸಹಿಸಲು ಆಗಲಿಲ್ಲ. ಅವನೂ ಮಾರ್ಸ್ಟನ್ನೂ ಆಗ ನಾಟಕಗಳಲ್ಲೇ ಒಬ್ಬರನ್ನೊಬ್ಬರು ಹೀಯಾಳಿಸಿಕೊಳ್ಳುತ್ತಿದ್ದರು. 1601ರಲ್ಲಿ ಜಾನ್ಸನ್ ಪೊಯಟಾಸ್ಟರ್ ಅನ್ನುವ ನಾಟಕ ಆಡಿಸಿದ. ಕಥೆ ನಡೆಯುವುದು ಅಗಸ್ಟಸ್ ಸೀಸರನ ರೋಮಿನಲ್ಲಿ. ಒಳ್ಳೆಯ ಕವಿ ಹೊರೇಸ್ ಅಂದರೆ ಜಾನ್ಸನ್ ತಾನೇ. ಕೆಟ್ಟ ಕವಿ ಕ್ರಿಸ್ಪಿನಸ್ ಅಂದರೆ ಮಾರ್ಸ್ಟನ್. ಕೊನೆಗೆ ಆಸ್ಥಾನದಲ್ಲೇ ಕ್ರಿಸ್ಪಿನಸ್‌ಗೆ ವಾಂತಿಯ ಗುಳಿಗೆ ಕೊಡುತ್ತಾರೆ. ಬೋಗುಣಿ ಹಿಡಿಯುತ್ತಾರೆ. ಅವನು ಕಕ್ಕುವುದು ಅನ್ನವನ್ನಲ್ಲ, ಪದಗಳನ್ನು. ಒಂದೊಂದಾಗಿ, ನರಳುತ್ತಾ. ಗ್ಲಿಬರಿ ಬರುತ್ತದೆ, ಡಿಫಂಕ್ಟ್ ಬರುತ್ತದೆ, ಸ್ಪ್ಯೂರಿಯಸ್ ಬರುತ್ತದೆ. ಚಳಿಗೆ ಕೈಕಾಲಿನ ಬೆರಳು ಊದಿಕೊಳ್ಳುವುದಕ್ಕೆ ಹೇಳುವ ಚಿಲ್‌ಬ್ಲೇನ್ಡ್ ಬರುತ್ತದೆ. ಅದರ ಬೆನ್ನಿಗೇ ಕ್ಲಮ್ಸಿ.

ಎಲ್ಲ ಕಕ್ಕಿದ ಮೇಲೆ, ನಾಟಕದಲ್ಲಿ ಪಾತ್ರವಾಗಿ ಬರುವ ರೋಮನ್ ಕವಿ ವರ್ಜಿಲ್ ಪಥ್ಯ ಹೇಳುತ್ತಾನೆ. ಯಾವ ಹಳೆಯ ಲೇಖಕರನ್ನು ಓದಬೇಕು, ಯಾರನ್ನು ಓದಬಾರದು ಅಂತ. ನಮ್ಮಲ್ಲಿ ಹೊಸ ಕನ್ನಡ ಪದ ಕಟ್ಟಿದವರನ್ನು ಕಂಡರೆ ಆಗದವರಿಗೆ ಈ ದೃಶ್ಯ ತೋರಿಸಬಾರದು. ಬೋಗುಣಿ ತಂದುಬಿಡುತ್ತಾರೆ.

ತಮಾಷೆ ಏನೆಂದರೆ, ಜಾನ್ಸನ್ ಕಕ್ಕಿಸಿದ ಪದಗಳಲ್ಲಿ ಎಷ್ಟೋ ಈಗ ಸಾಮಾನ್ಯ ಇಂಗ್ಲಿಷ್. ಡಿಫಂಕ್ಟ್, ಸ್ಪ್ಯೂರಿಯಸ್, ಸ್ಟ್ರೆನ್ಯುಅಸ್, ರೆಸಿಪ್ರೊಕಲ್, ರೆಟ್ರೋಗ್ರೇಡ್ ಎಲ್ಲವೂ ಆ ಬೋಗುಣಿಯಿಂದ ಎದ್ದು ಬಂದು ಮೈ ಒರೆಸಿಕೊಂಡು ನಡೆದುಹೋದವು. ಅವುಗಳಲ್ಲಿ ಎಲ್ಲಕ್ಕಿಂತ ದೂರ ಹೋದದ್ದು ಕ್ಲಮ್ಸಿ. ನನ್ನ ರೆಕಾರ್ಡ್ ಪುಸ್ತಕದವರೆಗೆ ಬಂತಲ್ಲ! ಜಾನ್ಸನ್ ದೊಡ್ಡ ನಾಟಕಕಾರ, ಅನುಮಾನವಿಲ್ಲ. ಪದದ ಜಾತಕ ನೋಡಲು ಮಾತ್ರ ಬರುತ್ತಿರಲಿಲ್ಲ. ಜಗಳ ಏನಾಯಿತು ಅನ್ನುವವರಿಗೆ: ಮಾರ್ಸ್ಟನ್ ಮುಂದೆ ತನ್ನ ಒಂದು ನಾಟಕವನ್ನು ಜಾನ್ಸನ್‌ಗೇ ಅರ್ಪಿಸಿದ. 1605ರಲ್ಲಿ ಇಬ್ಬರೂ ಜಾರ್ಜ್ ಚಾಪ್ಮನ್ ಜೊತೆ ಸೇರಿ ಒಂದು ನಾಟಕ ಬರೆದರು. ಅದರಲ್ಲಿ ಸ್ಕಾಟ್ಲೆಂಡಿನವರನ್ನು ಗೇಲಿ ಮಾಡಿದ್ದಕ್ಕೆ, ತಾನೂ ಅಲ್ಲಿಂದಲೇ ಬಂದಿದ್ದ ರಾಜನಿಗೆ ಸಿಟ್ಟು ಬಂದು ಜಾನ್ಸನ್ ಜೈಲಿಗೂ ಹೋಗಿ ಬಂದ. ಕೆಲವು ವರ್ಷಗಳ ಮೇಲೆ ಮಾರ್ಸ್ಟನ್ ನಾಟಕವನ್ನೇ ಬಿಟ್ಟು ಪಾದ್ರಿಯಾದ.

ಪದದ ಒಳಗಿನ ಚಳಿ ಮಾತ್ರ ನಿಧಾನಕ್ಕೆ ಆರಿಹೋಯಿತು. ಚಳಿಗೆ ಮರಗಟ್ಟಿದ ಕೈ ಅನ್ನುವುದು, ಮರಗಟ್ಟಿದ ಹಾಗೆ ಕೆಲಸ ಮಾಡುವ ಕೈ ಅಂತಾಯಿತು. ಆಮೇಲೆ ಅಂಥ ಕೈ ಇರುವ ಮನುಷ್ಯ ಅಂತಾಯಿತು. ಕೈಯಿಂದ ಮನುಷ್ಯನಿಗೆ ದಾಟುವ ಈ ಸಣ್ಣ ಹೆಜ್ಜೆಯಲ್ಲಿ ಕಾರಣ ಕಳೆದುಹೋಯಿತು. ಯಾಕೆ ಬೀಳಿಸಿದ ಅನ್ನುವ ಪ್ರಶ್ನೆಗೆ ಮೊದಲು ಚಳಿ ಅಂತ ಉತ್ತರ ಇತ್ತು. ಈಗ ಅವನೇ ಹಾಗೆ ಅಂತ.

ಇಂಗ್ಲಿಷಿನಲ್ಲಿ ಇದಕ್ಕೆ ಬೇರೆ ಪದಗಳೂ ರಾಶಿ ಇವೆ. ಕೆಲವು ಮಜವಾಗಿವೆ. ಆಕ್‌ವರ್ಡ್ ಇದೆ. ಅದರಲ್ಲಿರುವ 'ಆಕ್' ಅಂದರೆ ಹಿಂದುಮುಂದಾದದ್ದು, ತಿರುಗಾಮುರುಗಾ ಆದದ್ದು. ಅದೂ ನಾರ್ಸ್, ಅಂದರೆ ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯ ಮೂಲದ್ದೇ. ಫ್ರೆಂಚರಿಂದ ಬಂದ ಗೋಶ್ ಅಂದರೆ ನೇರವಾಗಿ ಎಡ ಅಂತ. ಅಡ್ರಾಯ್ಟ್, ಡೆಕ್ಸ್ಟರಸ್ ಅನ್ನುವ ಜಾಣ ಪದಗಳೆಲ್ಲ ಬಲಗೈಯವರದ್ದು. ಎಡಗೈಯವರನ್ನು ಯಾವ ಭಾಷೆಯೂ ನೆಟ್ಟಗೆ ನಡೆಸಿಕೊಂಡಿಲ್ಲ. ನಮ್ಮಲ್ಲೂ ಬೆಳಿಗ್ಗೆ ಎದ್ದು ಸಿಡಿಮಿಡಿ ಮಾಡಿದರೆ "ಎಡಮಗ್ಗುಲಲ್ಲಿ ಎದ್ದೆಯಾ?" ಅನ್ನುತ್ತಾರೆ. ಎಡವಟ್ಟು, ಎಡಬಿಡಂಗಿ ಅನ್ನುವಾಗೆಲ್ಲ ಕಿವಿಗೆ ಮೊದಲು ಬೀಳುವುದು ಆ ಎಡವೇ. ನನ್ನ ಅಕ್ಕ ಎಡಗೈಯವಳು. ಬರೆಯುವಾಗ ಎಡಗೈಗೆ ಅಡಿಕೋಲಿನಲ್ಲಿ ಎಷ್ಟು ಏಟು ತಿಂದಿದ್ದಾಳೋ. ಆದರೂ ನನ್ನನ್ನು ಎಡವಟ್ಟು ಅನ್ನಲು ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಇಡೀ ಮನೆಯಲ್ಲಿ ಒಂದನ್ನೂ ಬೀಳಿಸದವಳು ಅವಳೇ.

ಬಟರ್‌ಫಿಂಗರ್ಸ್ ಅಂತ ಕ್ರಿಕೆಟ್ ನೋಡುವವರಿಗೆ ಗೊತ್ತು. ಕ್ಯಾಚ್ ಬಿಟ್ಟವನಿಗೆ ಹೇಳುವುದು. ಆದರೆ ಅದು ಮೈದಾನಕ್ಕಿಂತ ಮೊದಲು ಅಡುಗೆಮನೆಯಲ್ಲಿತ್ತು. 1615ರಲ್ಲಿ ಗರ್ವಾಸ್ ಮಾರ್ಕಮ್ ಅನ್ನುವವನು ಗೃಹಿಣಿಯರಿಗೆ ಬರೆದ ಕೈಪಿಡಿಯಲ್ಲಿ, ಅಡುಗೆ ಮಾಡುವವಳ ಬೆರಳು ಬೆಣ್ಣೆ ಹಚ್ಚಿದ ಹಾಗೆ ಇರಬಾರದು, ಸಿಹಿಯ ಚಪಲವೂ ಇರಬಾರದು ಅಂತ ಉಪದೇಶ ಮಾಡಿದ್ದಾನೆ. ಅಪ್ಪನ ಎಣ್ಣೆ, ಅವನ ಬೆಣ್ಣೆ. ಮಾರ್ಕಮ್‌ಗಿಂತ ಹಿಂದೆ, 1546ರಲ್ಲಿ, ಜಾನ್ ಹೇವುಡ್ ಸಂಗ್ರಹಿಸಿದ ಗಾದೆಗಳಲ್ಲಿ ಕೈಲಾಗದವನಿಗೆ ಪ್ರತಿ ಬೆರಳೂ ಹೆಬ್ಬೆರಳು ಅನ್ನುವ ಮಾತಿದೆ. ಇದನ್ನು ಓದಿ ನಗು ಬಂತು. ನಮ್ಮಲ್ಲಿ ಹೆಬ್ಬೆಟ್ಟು ಅಂದರೆ ಓದು ಬರಹ ಬಾರದವನು. ಒಂದು ಬಡ ಹೆಬ್ಬೆರಳಿಗೆ ಎಷ್ಟು ಊರಿನ ಅವಮಾನ!

ಇವುಗಳಲ್ಲೆಲ್ಲ ನನಗೆ ಹತ್ತಿರದ್ದು ಕ್ಲಟ್ಸ್. ಅಮೆರಿಕದ ಇಂಗ್ಲಿಷಿಗೆ ಯಿಡ್ಡಿಷ್ ಮಾತಾಡುವ ಯಹೂದಿಗಳು ಕೊಟ್ಟ ಪದ, 20ನೇ ಶತಮಾನದ ನಡುವಿನದು. ಯಿಡ್ಡಿಷ್‌ನಲ್ಲಿ ಕ್ಲಾಟ್ಸ್, ಜರ್ಮನ್‌ನಲ್ಲಿ ಕ್ಲೊಟ್ಸ್. ಮರದ ದಿಮ್ಮಿ ಅಂತ ಅರ್ಥ. ಕೊರಡು. ಯಿಡ್ಡಿಷ್‌ನವರು ಈ ವಿಷಯದಲ್ಲಿ ತುಂಬಾ ಸೂಕ್ಷ್ಮ. ಅವರಲ್ಲಿ ಶ್ಲೆಮೀಲ್ ಬೇರೆ, ಶ್ಲಿಮಾಜಲ್ ಬೇರೆ. ಸೂಪ್ ಚೆಲ್ಲುವವನು ಶ್ಲೆಮೀಲ್, ಅದು ಯಾರ ಮೈಮೇಲೆ ಬೀಳುತ್ತದೋ ಅವನು ಶ್ಲಿಮಾಜಲ್. ನಮ್ಮ ಮದುವೆಮನೆಯ ಪಂಗ್ತಿಗೆ ಈ ಎರಡು ಪದ ತುರ್ತಾಗಿ ಬೇಕು.

ಕ್ಲಟ್ಸ್ ಅಂದರೆ ಮರದ ಕೊರಡು ಅಂತ ಓದಿದಾಗಲೇ ನನಗೆ ಪೂರ್ತಿ ಹೊಳೆದದ್ದು. ಇಂಗ್ಲಿಷಿನಲ್ಲಿ ಚಳಿಗೊಂದು ಪದ, ಮರಕ್ಕೊಂದು ಪದ. ಎರಡೂ ಬೇರೆ ಬೇರೆ ಊರಿನಿಂದ, ಬೇರೆ ಬೇರೆ ಕಾಲದಲ್ಲಿ ಬಂದವು. ದೊಡ್ಡಮ್ಮನ ಮರಗಟ್ಟುವುದರಲ್ಲಿ ಎರಡೂ ಇವೆ. ಚಳಿ ಬಂದು ಕೈ ಮರವಾಗುವುದು. ಆದರೆ ನಮ್ಮ ಪದ ಇನ್ನೊಂದು ಕೆಲಸ ಮಾಡಿದೆ. ಅದು ದಾಟಲಿಲ್ಲ. ಮರಗಟ್ಟಿದ ಕೈ ಅನ್ನಬಹುದು, ಮರಗಟ್ಟಿದ ಕಾಲು ಅನ್ನಬಹುದು. ಲೋಟ ಒಡೆದವನನ್ನು "ನೀನೊಬ್ಬ ಮರಗಟ್ಟಿದವನು" ಅಂತ ಯಾರೂ ಬೈಯುವುದಿಲ್ಲ. ಹಾಗಂತ ಕನ್ನಡ ದಯೆಯ ಭಾಷೆ ಅಂತ ಡಂಗುರ ಹೊಡೆಯಲು ಹೊರಟಿಲ್ಲ. ಬೈಯಲು ನಮಗೆ ಎಡವಟ್ಟು ಇದ್ದೇ ಇದೆ, ಕೊರಡೂ ಇದೆ. ಮರಗಟ್ಟುವುದನ್ನು ಮಾತ್ರ ಕೈಗೇ ಬಿಟ್ಟಿದ್ದೇವೆ.

ಈ ಕ್ಲಮ್ಸಿ ಒಮ್ಮೆ ಆಸ್ಪತ್ರೆಗೂ ಹೋಗಿ ಬಂದಿದೆ. 1960, 70ರ ದಶಕಗಳಲ್ಲಿ ವೈದ್ಯರು ಕ್ಲಮ್ಸಿ ಚೈಲ್ಡ್ ಸಿಂಡ್ರೋಮ್ ಅಂತ ಬರೆಯುತ್ತಿದ್ದರು. ಬುದ್ಧಿ ಚುರುಕಾಗಿದೆ, ಕಣ್ಣು ಸರಿಯಿದೆ, ಸ್ನಾಯುವಿನಲ್ಲಿ ದೋಷವಿಲ್ಲ. ಆದರೂ ಶೂ ಲೇಸ್ ಕಟ್ಟಲು ಬರುವುದಿಲ್ಲ, ಚೆಂಡು ಹಿಡಿಯಲು ಬರುವುದಿಲ್ಲ, ಅಕ್ಷರ ಸಾಲು ಬಿಟ್ಟು ಓಡುತ್ತದೆ. ಇಂಥ ಮಕ್ಕಳಿಗೆ ಹಾಕಿದ ಹೆಸರು ಅದು. 1987ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಆಯಿತು. ಡಿಸ್‌ಪ್ರಾಕ್ಸಿಯಾ ಅಂತಲೂ ಕರೆಯುತ್ತಾರೆ. ಶಾಲೆಗೆ ಹೋಗುವ 100 ಮಕ್ಕಳಲ್ಲಿ 5-6 ಮಕ್ಕಳಿಗೆ ಇದು ಇರುತ್ತದೆ ಅನ್ನುತ್ತಾರೆ. ನಮ್ಮ ಒಂದು ದೊಡ್ಡ ಕ್ಲಾಸಿಗೆ ಮೂರು ಮಕ್ಕಳು ಅಂತ ಇಟ್ಟುಕೊಳ್ಳಿ. ಹೊಸ ಹೆಸರು ಬಾಯಿಗೆ ಸಿಕ್ಕುವುದಿಲ್ಲ, ನಿಜ. ಆದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಲೂ ಆಗುವುದಿಲ್ಲ. ಅಷ್ಟು ಜಾಗ ಬೇಕಲ್ಲ.

ನನಗೆ ಅದು ಇದೆಯೋ ಏನೋ ಅಂತ ಹೆಂಡತಿ ಒಮ್ಮೆ ಕೇಳಿದಳು. ಈ ವಯಸ್ಸಿನಲ್ಲಿ ಪರೀಕ್ಷೆ ಮಾಡಿಸಿ ಏನು ಮಾಡಲಿ ಅಂದೆ. "ಗೊತ್ತಾದರೆ ಗಾಜಿನ ಲೋಟ ಕೊಡುತ್ತೇನೆ ಅಂದುಕೊಳ್ಳಬೇಡ" ಅಂದಳು.

ಹೋದ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ. ಸುಲಿತಕ್ಕೆ ಈಗ ಯಂತ್ರ ಬಂದಿದೆ, ಅಂಗಳದಲ್ಲಿ ಸಾಲಾಗಿ ಯಾರೂ ಕೂರುವುದಿಲ್ಲ. ಅವಳ ಮೆಟ್ಟುಗತ್ತಿ ಕೊಟ್ಟಿಗೆಯ ಅಟ್ಟದಲ್ಲಿ ತುಕ್ಕು ಹಿಡಿದಿದೆ. ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ಮಳೆ ಬೀಳುವ ಮುಂಚಿನ ಸೆಕೆ. ಅಂಗಿ ಬೆನ್ನಿಗೆ ಅಂಟಿತ್ತು. ಅಕ್ಕ ಮಜ್ಜಿಗೆ ತಂದು ಕೊಟ್ಟಳು. ದೊಡ್ಡಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಅದು ಜಾರಿತು. ಸ್ಟೀಲ್ ಲೋಟ, ಒಡೆಯಲಿಲ್ಲ. ಠಣ್ ಅಂತ ಬಿದ್ದು ಜಗಲಿಯ ಅಂಚಿನವರೆಗೂ ಉರುಳಿಕೊಂಡು ಹೋಯಿತು.

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಮುಖ ನೋಡಿದೆ.

ದೊಡ್ಡಮ್ಮ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಮಡಚಿ, ಬಿಡಿಸಿ, ಮತ್ತೆ ಮಡಚಿ. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಕೈ ಮರಗಟ್ಟಿದೆ ಕಣೋ. ಎಂಥಾ ಚಳಿ."

ನಾನು ಎದ್ದು ಹೋಗಿ ಫ್ಯಾನ್ ಆರಿಸಿದೆ.